ಮಾರುತದ ಮುಂದಿನ ಫಲಕ ಬದಲಾಗಲಿ

ಗೆ,
ಮಾನ್ಯ ನಿರ್ದೇಶಕರು,
ಹಳೆಯ ಯುದ್ಧವಿಮಾನಗಳನ್ನು ಸಾರ್ವಜನಿಕ ಪ್ರದರ್ಶನಕ್ಕೆ ಇಟ್ಟಿರುವ ಸಂಸ್ಥೆ,
ಬೆಂಗಳೂರು.

ವಿಷಯ: ಎಚ್‌ಎಫ್‌-24 ಮಾರುತ ಎಂಬ, ಬೆಂಗಳೂರಿನಲ್ಲೇ ತಯಾರಾದ ಯುದ್ಧವಿಮಾನದ ಬಗ್ಗೆ ನಿಮ್ಮಲ್ಲಿ ನೀಡುತ್ತಿರುವ ಅರೆಬರೆ ಮಾಹಿತಿಯ ಕುರಿತು.

ಮಾನ್ಯರೇ,

ನಿಮ್ಮ ಸಂಸ್ಥೆಯ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ. ಹೆಸರು ಬಂದರೆ ಯಾರೋ ಒಬ್ಬ ದಿನಗೂಲಿ ಸಿಬ್ಬಂದಿಗೆ ನೋಟಿಸ್ ಹೋಗುತ್ತದೆ, ಕಡತ ಮುಚ್ಚುತ್ತದೆ, ಫಲಕ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಇದೇ ವಿಷಯವಾಗಿ ಈ ಹಿಂದೆ ನಿಮ್ಮ ಕಚೇರಿಗೆ ಬಂದು ಪತ್ರ ಕೊಟ್ಟಿದ್ದೆ. ಮೊಹರು ಒತ್ತಿದ ಸ್ವೀಕೃತಿ ಸಿಕ್ಕಿತು. ‘ತಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರವೂ ಬಂತು. ಆಮೇಲೆ ಫೋನ್ ಮಾಡಿದಾಗ ಒಂದು ವಿಭಾಗದವರು ಇನ್ನೊಂದು ವಿಭಾಗದ ಕಡೆಗೆ ಕೈ ತೋರಿಸಿದರು. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಡಿಪ್ಲೊಮಾ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು. ಹಳೆಯ ಸಹೋದ್ಯೋಗಿಗಳು ಕರೆದಾಗ ಈಗಲೂ ವಿದ್ಯಾರ್ಥಿಗಳ ಜೊತೆ ನಿಮ್ಮಲ್ಲಿಗೆ ಬರುತ್ತೇನೆ. ಕಳೆದ ಸಲ ಬಂದಾಗ ಕಂಡದ್ದು ಇಷ್ಟು. ಮಾರುತದ ಮುಂದೆ ಒಂದು ಲೋಹದ ಫಲಕ. ಅದರಲ್ಲಿ ವಿಮಾನದ ಉದ್ದ, ರೆಕ್ಕೆಗಳ ಅಗಲ, ಎಂಜಿನ್ ಹೆಸರು, ಕೊನೆಗೆ ‘ಭಾರತದ ಮೊದಲ ಸೂಪರ್‌ಸಾನಿಕ್ ಫೈಟರ್’ (ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನ) ಎಂಬ ಬಿರುದು. ಕನ್ನಡದ ಸಾಲುಗಳು ತೀರ ಕೆಳಗೆ, ಅದೂ ಬಿಸಿಲಿಗೆ ಬಿಳಿಚಿಕೊಂಡು ಓದಲು ಬಾರದ ಹಾಗೆ. ಫಲಕದ ಪಕ್ಕ ನಿಂತ ನಿಮ್ಮ ಮಾರ್ಗದರ್ಶಿ ಮಕ್ಕಳಿಗೆ ಹೇಳಿದ್ದು ಇದು: ‘ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬೇಕು ಎಂದು ಮಾಡಿದರು, ಎಂಜಿನ್ ಸಿಗಲಿಲ್ಲ, ಫೇಲಾಯಿತು.’ ಮಕ್ಕಳು ನಕ್ಕರು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು: ‘ಫೇಲಾದ ಮೇಲೂ 147 ವಿಮಾನ ಯಾಕೆ ಮಾಡಿದರು, ಸರ್?’

ಮಾರ್ಗದರ್ಶಿಯ ಬಳಿ ಉತ್ತರ ಇರಲಿಲ್ಲ. ‘ಸರ್ಕಾರದ ಕೆಲಸ ಅಲ್ಲವೇ’ ಎಂದು ತಮಾಷೆ ಮಾಡಿ ಮುಂದಿನ ವಿಮಾನದತ್ತ ನಡೆದುಬಿಟ್ಟರು. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದೇ ಅಷ್ಟು. ಆ ಹುಡುಗಿಯ ಪ್ರಶ್ನೆಗೆ ನಿಮ್ಮ ಫಲಕ ಉತ್ತರ ಹೇಳಬೇಕು. ಈ ಪತ್ರದ ಬೇಡಿಕೆಯೂ ಅದೇ.

ಉತ್ತರ ಇಲ್ಲದ ವಿಷಯವೇನೂ ಅಲ್ಲ ಇದು. 1950ರ ದಶಕದಲ್ಲಿ ವಾಯುಪಡೆ ಕೇಳಿದ್ದು ಒಂದೇ ಕೆಲಸದ ವಿಮಾನವನ್ನಲ್ಲ. ಶಬ್ದದ ಎರಡು ಪಟ್ಟು ವೇಗ ಇರಬೇಕು, 60,000 ಅಡಿ ಎತ್ತರದಲ್ಲಿ ಶತ್ರು ವಿಮಾನವನ್ನು ತಡೆಯಬೇಕು, ಅದೇ ವಿಮಾನ ತಗ್ಗಿನಲ್ಲಿ ಹಾರಿ ನೆಲದ ಗುರಿಗಳ ಮೇಲೂ ದಾಳಿ ಮಾಡಬೇಕು ಎಂದು ಆ ಬೇಡಿಕೆಯಲ್ಲಿ ಇತ್ತು. ಅಂದರೆ ನೆಲದಾಳಿ ಎಂಬುದು ಸೋತ ಮೇಲೆ ಹುಡುಕಿಕೊಂಡ ನೆಪವಲ್ಲ, ಮೊದಲ ದಿನದಿಂದಲೂ ಕಾಗದದ ಮೇಲೆ ಇದ್ದ ಕೆಲಸ. ಇದನ್ನು ವಿನ್ಯಾಸ ಮಾಡಲು 1956ರಲ್ಲಿ ಬೆಂಗಳೂರಿಗೆ ಬಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕೆ ವುಲ್ಫ್ 190 ಅವರದೇ ಸೃಷ್ಟಿ. ಆ ಫೈಟರ್‌ನ ಒಡಲಿಗೆ ಹೆಚ್ಚುವರಿ ಉಕ್ಕಿನ ರಕ್ಷಣೆ ಕೊಟ್ಟು ನೆಲದಾಳಿಗೆಂದೇ ಬೇರೆ ಮಾದರಿಗಳನ್ನು ಮಾಡಿದ್ದರು. ಸ್ಟೂಕಾ ಬಾಂಬರ್‌ಗಳು ಬಿಟ್ಟ ಜಾಗವನ್ನು ತುಂಬಿದ್ದು ಅವೇ. ಇದ್ದ ಫೈಟರನ್ನು ನೆಲದ ಕಡೆಗೆ ತಿರುಗಿಸುವ ವಿದ್ಯೆ ಟ್ಯಾಂಕ್ ಅವರಿಗೆ ಹೊಸದಾಗಿರಲಿಲ್ಲ.

ಇನ್ನು ಎಂಜಿನ್ ಕಥೆ. ಮಾರುತಕ್ಕೆಂದು ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್ ಎಂಜಿನ್‌ನ 12ನೇ ಮಾದರಿ. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸುವ ಭಾಗ) ಉರಿದಾಗ ಅದರ ನೂಕುಬಲ ಸುಮಾರು 3,700 ಕಿಲೊ. ಆ ಎಂಜಿನ್ ಅಭಿವೃದ್ಧಿ ಅರ್ಧಕ್ಕೇ ನಿಂತಿತು. ಮುಂದುವರಿಸಲು ಬ್ರಿಟನ್ ಹಣ ಕೇಳಿತು, ನಮ್ಮವರು ಒಪ್ಪಲಿಲ್ಲ. ಕೊನೆಗೆ ಕೂತದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703, ಒಂದೊಂದಕ್ಕೆ ಸುಮಾರು 2,200 ಕಿಲೊ. ಸೋವಿಯತ್ ಎಂಜಿನ್ ಪರೀಕ್ಷಿಸಿ ನೋಡಿದರು. ಈಜಿಪ್ಟಿನ ಇ-300 ಎಂಜಿನ್‌ಗಾಗಿ ಒಂದು ಮಾರುತವನ್ನೇ ಅಲ್ಲಿಗೆ ಕಳುಹಿಸಿದರು, ಅದೂ ಕೂಡಿಬರಲಿಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು 703ಕ್ಕೇ ಆಫ್ಟರ್‌ಬರ್ನರ್ ಜೋಡಿಸಲು ಕೈಹಾಕಿದರು. ಆ ಮಾದರಿಯ ಹಾರಾಟದಲ್ಲಿ 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. 1961ರ ಜೂನ್‌ನಲ್ಲಿ ಮಾರುತವನ್ನು ಮೊದಲ ಬಾರಿಗೆ ಹಾರಿಸಿದ್ದವರು ಅವರೇ. ಹಳೆ ಮದ್ರಾಸ್ ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರನ್ನು ಕೇಳಿ ನೋಡಿ, ಆ ಹೆಸರು ಯಾರದೆಂದು ಎಷ್ಟು ಜನ ಹೇಳುತ್ತಾರೆ? ನಿಮ್ಮ ಫಲಕದಲ್ಲಿಯೂ ಅವರ ಹೆಸರಿಲ್ಲ.

ಮಾರ್ಗದರ್ಶಿಯ ಮಾತು ಅಲ್ಲಿಯವರೆಗೆ ಸರಿ: ಮಾರುತ ಎತ್ತರದ ಆಕಾಶದ ಫೈಟರ್ ಆಗಲಿಲ್ಲ. ಸಮತಲ ಹಾರಾಟದಲ್ಲಿ ಅದು ಶಬ್ದದ ವೇಗದ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಎರಡು ಪಟ್ಟಂತೂ ಕನಸಾಗಿಯೇ ಉಳಿಯಿತು. ಇದನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ‘ಸೂಪರ್‌ಸಾನಿಕ್’ ಬಿರುದೇ ಅದನ್ನು ಮುಚ್ಚಿಡುತ್ತಿದೆ. ಫಲಕ ಇಲ್ಲದ ಹೊಗಳಿಕೆ ಹೇಳುತ್ತದೆ, ಮಾರ್ಗದರ್ಶಿ ಸಲ್ಲದ ತೆಗಳಿಕೆ ಹೇಳುತ್ತಾರೆ. ಎರಡರ ನಡುವೆ ನಿಜವಾಗಿ ನಡೆದ ಎಂಜಿನಿಯರಿಂಗ್ ಕೆಲಸ ಕಾಣೆಯಾಗಿದೆ.

ಆ ಕೆಲಸ ಏನು? ಫೈಟರನ್ನು ನೆಲದಾಳಿ ವಿಮಾನ ಮಾಡುವುದೆಂದರೆ ರೆಕ್ಕೆಯ ಕೆಳಗೆ ಬಾಂಬ್ ತೂಗುಹಾಕುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನನ್ನ ವಿದ್ಯಾರ್ಥಿಗಳೂ ಹಾಗೆಯೇ ತಿಳಿದಿದ್ದರು. ಎತ್ತರದ ಗಾಳಿ ತೆಳು, ನೆಲದ ಹತ್ತಿರದ ಗಾಳಿ ದಟ್ಟ. ಅಲ್ಲಿ ವೇಗವಾಗಿ ಹೋದರೆ ಪ್ರತಿ ಬಿಸಿಗಾಳಿಯ ಏರಿಳಿತವೂ ವಿಮಾನವನ್ನು ಕುಟ್ಟುತ್ತದೆ. ಅಗಲ ರೆಕ್ಕೆಯ ವಿಮಾನದಲ್ಲಿ ಪೈಲಟ್‌ಗೆ ಗುರಿ ಹಿಡಿಯುವುದಿರಲಿ, ನೆಟ್ಟಗೆ ಕೂರುವುದೇ ಕಷ್ಟ. ಆ ಕುಟ್ಟಾಟಕ್ಕೆ ಲೋಹ ಬೇಗ ದಣಿಯುತ್ತದೆ. ಎತ್ತರದಲ್ಲಿ ವರ್ಷಗಟ್ಟಲೆ ಬಾಳುವ ರೆಕ್ಕೆಯ ಬುಡ ತಗ್ಗಿನ ಹಾರಾಟದಲ್ಲಿ ಬಹು ಬೇಗ ಬಿರುಕು ತೋರಿಸೀತು. ಮೇಲಿನಿಂದ ಬರುವ ಶತ್ರುವಿಗಿಂತ ಕೆಳಗಿನಿಂದ ಬರುವ ಗುಂಡಿನ ಭಯ ಹೆಚ್ಚು. ಭಾರ ಹೊತ್ತು ಏರಬೇಕಾದ್ದರಿಂದ ರನ್‌ವೇ ಉದ್ದ ಬೇಕು, ಚಕ್ರ ಮತ್ತು ಬ್ರೇಕ್ ಗಟ್ಟಿ ಬೇಕು. ಬಿಸಿಲು ಏರಿದಂತೆ ಎಂಜಿನ್ ಸೊರಗುತ್ತದೆ. ಮರುಭೂಮಿಯ ನೆಲೆಗಳಲ್ಲಿ ಇದು ಪುಸ್ತಕದ ಪಾಠವಾಗಿರಲಿಲ್ಲ, ನಿತ್ಯದ ಲೆಕ್ಕಾಚಾರವಾಗಿತ್ತು.

ಈಗ ನಿಮ್ಮಲ್ಲಿರುವ ವಿಮಾನದ ಮುಂದೆ ನಿಂತು ನೋಡಿ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಡೆದ ತೆಳು ರೆಕ್ಕೆ, ನಡು ಸಣ್ಣಗೆ ಮಾಡಿದ ಒಡಲು. ಇವನ್ನು ಎಳೆದು ತಡೆಯುವ ಗಾಳಿಯ ಪ್ರತಿರೋಧ ಕಡಿಮೆ. ಅದೇ ರೆಕ್ಕೆ, ಅದೇ ಒಡಲು ತಗ್ಗಿನಲ್ಲಿ ಹಾರುವಾಗ ವರವಾಯಿತು: ಬಡ ಎಂಜಿನ್ ಇದ್ದರೂ ವಿಮಾನ ನೆಲಕ್ಕೆ ಅಂಟಿಕೊಂಡಂತೆ ವೇಗವಾಗಿ, ಅಲುಗಾಡದೆ ಹೋಗುತ್ತಿತ್ತು. ಎಂಜಿನ್ ಒಂದಲ್ಲ, ಎರಡು. ಒಂದಕ್ಕೆ ಗುಂಡು ಬಿದ್ದರೆ ಇನ್ನೊಂದು ಮನೆ ಮುಟ್ಟಿಸುತ್ತದೆ. ಹೈಡ್ರಾಲಿಕ್ ಕೈಕೊಟ್ಟರೆ ಪೈಲಟ್ ಕೈಬಲದಿಂದಲೇ ನಡೆಸಬಹುದಾದ ವ್ಯವಸ್ಥೆ ಇತ್ತು. ಆಫ್ಟರ್‌ಬರ್ನರ್ ಇಲ್ಲದ್ದರಿಂದ ಇಂಧನವನ್ನು ಸುರಿದು ಸುಡುವ ಪ್ರಶ್ನೆಯೂ ಇರಲಿಲ್ಲ.

ಆಫ್ಟರ್‌ಬರ್ನರ್ ಇಲ್ಲ ಎಂದು ನಗುವವರಿಗೆ ಒಂದು ಮಾತು. ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ನೆಲದಾಳಿ ವಿಮಾನ ಬೇಕಾಯಿತು. ವಾಟ್ ಕಂಪನಿ ತಾನೇ ಮಾಡುತ್ತಿದ್ದ ಎಫ್‌-8 ಕ್ರುಸೇಡರ್ ಎಂಬ ಸೂಪರ್‌ಸಾನಿಕ್ ಫೈಟರನ್ನು ಆಧಾರವಾಗಿ ಇಟ್ಟುಕೊಂಡಿತು. ಒಡಲನ್ನು ಗಿಡ್ಡ ಮಾಡಿದರು. ಏರುವಾಗ ಇಳಿಯುವಾಗ ಮೇಲೆತ್ತುತ್ತಿದ್ದ ರೆಕ್ಕೆಯ ಯಂತ್ರವನ್ನು ಕಿತ್ತು ರೆಕ್ಕೆಯನ್ನು ಬಿಗಿಯಾಗಿ ಕೂಡಿಸಿದರು. ಆಫ್ಟರ್‌ಬರ್ನರನ್ನು ಬೇಕೆಂದೇ ಬಿಟ್ಟರು. ಶಬ್ದಾತೀತ ವೇಗದ ಆಸೆಯನ್ನೂ ಬೇಕೆಂದೇ ಬಿಟ್ಟರು. ಹಾಗೆ 1965ರಲ್ಲಿ ಹಾರಿದ ಎ-7 ಕೋರ್ಸೇರ್ ಹೆಚ್ಚು ಬಾಂಬ್ ಹೊತ್ತು ಹೆಚ್ಚು ದೂರ ಹೋಗುತ್ತಿತ್ತು, ಅದನ್ನು ಯಾರೂ ಫೇಲಾದ ಕ್ರುಸೇಡರ್ ಎಂದು ಕರೆಯಲಿಲ್ಲ. ಅವರು ಯೋಚಿಸಿ ಬಿಟ್ಟದ್ದು ನಮಗೆ ಸಿಗದೇ ಹೋಯಿತು. ಈ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೆ ಕೊನೆಗೆ ನೆಲದ ಹತ್ತಿರ ಹಾರಿದ ವಿಮಾನವನ್ನು ಅಳೆಯುವಾಗ ಅದು ಆ ಕೆಲಸ ಮಾಡಿತೋ ಇಲ್ಲವೋ ಎಂದು ನೋಡಬೇಕಲ್ಲವೇ?

ಮಾಡಿತು. 1967ರಲ್ಲಿ 10ನೇ ಸ್ಕ್ವಾಡ್ರನ್, ಆಮೇಲೆ 220, ಮುಂದೆ 31ನೇ ಸ್ಕ್ವಾಡ್ರನ್ ಮಾರುತವನ್ನು ಪಡೆದವು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ ಮೊದಲ ಎರಡು ಸ್ಕ್ವಾಡ್ರನ್‌ಗಳು ರಾಜಸ್ಥಾನದ ನೆಲೆಗಳಿಂದ ಎರಡು ವಾರ ದಾಳಿಗೆ ಹೋದವು. ಮುನ್ನೂರಕ್ಕೂ ಹೆಚ್ಚು ಹಾರಾಟಗಳು. ನೆಲದ ಗುಂಡಿಗೆ ಕೆಲವು ವಿಮಾನಗಳು ಬಿದ್ದವು, ಶತ್ರು ವಿಮಾನದ ಕೈಗೆ ಆಕಾಶದಲ್ಲಿ ಒಂದೂ ಸಿಗಲಿಲ್ಲ. ಗುಂಡು ತಗುಲಿ ಒಂದು ಎಂಜಿನ್ ಸತ್ತ ಮೇಲೂ ಇನ್ನೊಂದರ ಬಲದಲ್ಲಿ ಮರಳಿ ಬಂದದ್ದು ಒಂದೇ ಸಲವಲ್ಲ. ಗಡಿಯಾಚೆ ಸುಮಾರು 240 ಕಿಲೊಮೀಟರ್ ಒಳಗಿನಿಂದ ಹಾಗೆ ಒಬ್ಬಂಟಿಯಾಗಿ ಬಂದ ವಿಮಾನವೂ ಇದೆ. ಮಾರುತದ ಪೈಲಟ್‌ಗಳಿಗೆ ವೀರಚಕ್ರಗಳು ಬಂದವು. ಅದೇ ಯುದ್ಧದ ಲೋಂಗೆವಾಲಾ ಕಾಳಗದ ಮಾತು ಬಂದರೆ ಅಲ್ಲಿ ಜೈಸಲ್ಮೇರ್‌ನಿಂದ ಹಾರಿದ ಹಂಟರ್‌ಗಳ ಪಾಲೇ ದೊಡ್ಡದು. ಅದನ್ನು ಕಿತ್ತು ಮಾರುತಕ್ಕೆ ಕೊಡಿ ಎಂದು ನಾನು ಕೇಳುವುದಿಲ್ಲ. ಹಾಗೆ ನೋಡಿದರೆ ಹಂಟರ್ ಕೂಡ ಫೈಟರ್ ಆಗಿ ಹುಟ್ಟಿ, ರೆಕ್ಕೆ ಗಟ್ಟಿ ಮಾಡಿಸಿಕೊಂಡು ನೆಲದಾಳಿಗೆ ಇಳಿದದ್ದೇ.

ದೋಷಗಳನ್ನೂ ಬರೆಯಿರಿ. ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಏಡೆನ್ ಫಿರಂಗಿಗಳಿದ್ದವು. ನಾಲ್ಕೂ ಒಟ್ಟಿಗೆ ಸಿಡಿದಾಗಿನ ಅದಿರಾಟ ಕೊನೆಯವರೆಗೂ ತಲೆನೋವಾಗಿಯೇ ಉಳಿಯಿತು. ಹೊಸ ಎಂಜಿನ್ ಹುಡುಕಾಟದಲ್ಲಿ ಕಳೆದ ವರ್ಷಗಳು ವಿಮಾನದ ಆಯುಸ್ಸಿನಿಂದಲೇ ಕಳೆದವು. 1990ರ ಹೊತ್ತಿಗೆ ಮಾರುತ ಸೇವೆಯಿಂದ ಹೊರಬಿತ್ತು. ಇಷ್ಟನ್ನು ಓದಿದ ಹದಿನೆಂಟರ ಹುಡುಗ ತನ್ನ ಬುದ್ಧಿಯಿಂದ ತೀರ್ಮಾನ ಮಾಡಿಕೊಳ್ಳಲಿ.

ನಿಮ್ಮ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದ್ದೀರಾ? ನಾನು ಬಗ್ಗಿ ನೋಡಿದ್ದೇನೆ, ಕಾವಲುಗಾರರು ಗದರಿದರು. ಮೂತಿಯ ಚಕ್ರದ ಹಿಂದೆ ಒಡಲಿನ ತಳದಲ್ಲಿ 68 ಮಿಲಿಮೀಟರಿನ 50 ರಾಕೆಟ್‌ಗಳ ಗೂಡು ಇರುತ್ತಿತ್ತು. ಹಾರುವಾಗ ಅದು ಒಳಗೆ ಅಡಗಿರುತ್ತಿತ್ತು, ಹೊರಗೆ ನೇತಾಡಿ ಗಾಳಿ ತಡೆಯುತ್ತಿರಲಿಲ್ಲ. ಹೊಡೆಯುವ ಹೊತ್ತಿಗೆ ಕೆಳಗಿಳಿದು, ಹೊಡೆದ ಮೇಲೆ ಒಳಗೆ ಹೋಗುತ್ತಿತ್ತು. ರೆಕ್ಕೆಗಳ ಕೆಳಗಿನ ನಾಲ್ಕು ಕೊಕ್ಕೆಗಳಲ್ಲಿ ಒಂದೊಂದಕ್ಕೆ 1,000 ಪೌಂಡ್ ಬಾಂಬ್. ಈ ವಿಮಾನದ ನೆಲದಾಳಿ ಸ್ವಭಾವವನ್ನು ಕಣ್ಣಿಗೆ ಕಾಣುವಂತೆ ಹೇಳುವ ಜಾಗ ಅದೇ ಹೊಟ್ಟೆ. ನಿಮ್ಮಲ್ಲಿ ಅದರ ಸಾಲುಗಳ ಮೇಲೆ ಬೆಳ್ಳಿ ಬಣ್ಣವನ್ನು ಬ್ರಷ್‌ನಿಂದ ಪದರದ ಮೇಲೆ ಪದರ ಬಳಿದಿದ್ದಾರೆ. ಮುಚ್ಚಳದ ಅಂಚು ತುಂಬಿಹೋಗಿದೆ. ಸ್ಕ್ರೂಗಳ ತಲೆ ಕಾಣುವುದಿಲ್ಲ. ‘ಇಲ್ಲಿ ಕಾಲಿಡಬೇಡಿ’, ‘ಇಲ್ಲಿ ಜ್ಯಾಕ್ ಕೊಡಿ’ ಎಂಬಂಥ ಸಣ್ಣ ಅಚ್ಚಕ್ಷರಗಳು ಇದ್ದ ಕಡೆ ಈಗ ನುಣ್ಣನೆ ಬಣ್ಣ. ಗಾಳಿ ಒಳಹೋಗುವ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿ, ಹಿಕ್ಕೆ ಸುರಿದು ಲೋಹ ಕರಗುತ್ತಿದೆ. ಗಣ್ಯರ ಭೇಟಿಗೆ ಮುನ್ನ ಬಣ್ಣ ಬಳಿಯುವ ನಮ್ಮೂರ ಚಾಳಿ ರಸ್ತೆಯ ಅಂಚುಕಲ್ಲಿಗೆ ಸಾಕಲ್ಲವೇ?

ಮಾರುತದ ಪಕ್ಕದಲ್ಲೇ ಹೇಳಬೇಕಾದ ಇನ್ನೊಂದು ಕಥೆ ಇದೆ. ಅದನ್ನು ನಿಮ್ಮಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ನ್ಯಾಟ್ ಎಂಬ ಪುಟ್ಟ ಬ್ರಿಟಿಷ್ ಫೈಟರ್ ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿತ್ತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಫೈಟರ್‌ಗಳನ್ನು ಕಾಡಿದ ಹೆಸರು ಅದಕ್ಕಿದೆ. ಆಕಾಶದಲ್ಲಿ ಅದು ಗಿರಗಿರನೆ ತಿರುಗುತ್ತಿತ್ತು, ಆದರೆ ಒಡಲು ತೀರ ಚಿಕ್ಕದಾದ್ದರಿಂದ ಇಂಧನ ಸಾಲದು. ಸ್ವಲ್ಪ ದೂರ ಹೋಗಬೇಕೆಂದರೂ ರೆಕ್ಕೆಯ ಕೆಳಗೆ ಹೆಚ್ಚುವರಿ ಟ್ಯಾಂಕ್‌ಗಳನ್ನು ಕಟ್ಟಬೇಕು, ಕಟ್ಟಿದರೆ ಆಯುಧಕ್ಕೆ ಜಾಗವಿಲ್ಲ. ಎರಡೂ ಕೈಯಲ್ಲಿ ಕೊಡ ಹಿಡಿದವನಿಗೆ ಬಾಗಿಲ ಚಿಲಕ ತೆಗೆಯಲು ಆಗದ ಹಾಗೆ. ಎಚ್‌ಎಎಲ್‌ನ ವಿನ್ಯಾಸಕಾರರು ರೆಕ್ಕೆಯ ಒಳಭಾಗವನ್ನೇ ಇಂಧನದ ತೊಟ್ಟಿಯಾಗಿ ಮಾಡಿದರು. ಕೆಳಗಿನ ಕೊಕ್ಕೆಗಳು ಬಾಂಬ್, ರಾಕೆಟ್‌ಗಳಿಗೆ ಬಿಡುವಾದವು. ನ್ಯಾಟ್‌ನಲ್ಲಿ ಕಾಡುತ್ತಿದ್ದ ಬಾಲದ ನಿಯಂತ್ರಣ, ಹೈಡ್ರಾಲಿಕ್ ತೊಂದರೆಗಳನ್ನೂ ತಿದ್ದಿದರು. ಹೀಗೆ ಬಂದ ಅಜೀತ 1975ರ ಮಾರ್ಚ್‌ನಲ್ಲಿ ಮೊದಲು ಹಾರಿ, 1991ರವರೆಗೆ ಸೇವೆಯಲ್ಲಿತ್ತು.

ಅಜೀತದ ರೆಕ್ಕೆಯ ಬಗ್ಗೆ ನನಗೆ ಹೇಳಿದವರು ನನ್ನ ಸೋದರಮಾವ. ಅವರು ಫಿಟ್ಟರ್ ಆಗಿದ್ದವರು, ಈಗ ಇಲ್ಲ. ರೆಕ್ಕೆಯನ್ನೇ ತೊಟ್ಟಿ ಮಾಡುವುದು ಡ್ರಾಯಿಂಗ್ ಹಾಳೆಯಲ್ಲಿ ಒಂದು ಗೆರೆಯ ಕೆಲಸ. ಫಿಟ್ಟರ್‌ಗೆ ಅದು ಸಾವಿರಾರು ರಿವೆಟ್‌ಗಳ ಕೆಲಸ. ಪ್ರತಿ ರಿವೆಟ್ ಸುತ್ತಲೂ, ಪ್ರತಿ ಜೋಡಣೆಯ ಅಂಚಿನಲ್ಲೂ ಸೀಲೆಂಟ್ ಎಂಬ ಅಂಟನ್ನು ಒಂದೇ ಸಮ ಎಳೆಯಬೇಕು, ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ಅದು ಒಣಗುವವರೆಗೆ ಕಾಯಬೇಕು. ಒಂದು ಕಡೆ ಜಿನುಗಿದರೆ ಆ ಭಾಗವನ್ನೆಲ್ಲ ಕೆರೆದು ಮತ್ತೆ ಮೊದಲಿನಿಂದ ಮಾಡಬೇಕು. ಕೈ ತೂರದ ಸಂದಿಗಳಲ್ಲಿ ಬೆರಳ ತುದಿಯಿಂದ ತಡವಿಯೇ ಸರಿಯಾಯಿತೋ ಇಲ್ಲವೋ ಎಂದು ತಿಳಿಯುತ್ತಿದ್ದರಂತೆ. ಮಾವನ ಉಗುರಿನ ಸಂದಿಯಲ್ಲಿ ಆ ಅಂಟಿನ ಕಪ್ಪು ಭಾನುವಾರವೂ ಹೋಗಿರುತ್ತಿರಲಿಲ್ಲ. ಅತ್ತೆ ಬಡಿಸುವಾಗ ಗೊಣಗುತ್ತಿದ್ದರು. ಇಂಥ ಕೈಗಳ ಹೆಸರು ಇತಿಹಾಸದಲ್ಲಿ ಬರುವುದಿಲ್ಲ ಎಂಬುದು ನನಗೂ ಗೊತ್ತು. ಅವರು ಮಾಡಿದ ಕೆಲಸವಾದರೂ ಫಲಕದಲ್ಲಿ ಒಂದು ಸಾಲು ಬರಬಾರದೇ?

ಮಾರುತ ಮತ್ತು ಅಜೀತ ಎರಡನ್ನೂ ಒಟ್ಟಿಗೆ ಇಟ್ಟು ತೋರಿಸಿದರೆ ಮಕ್ಕಳಿಗೆ ಒಂದು ವಿಷಯ ಚೆನ್ನಾಗಿ ತಿಳಿಯುತ್ತದೆ. ಮಾರುತವನ್ನು ನೆಲದಾಳಿಗೆ ತಂದದ್ದು ಪರಿಸ್ಥಿತಿ. ಎಂಜಿನ್ ಕೈಕೊಟ್ಟಿತು, ಒಳ್ಳೆಯ ಒಡಲು ಕೈಹಿಡಿಯಿತು. ಅಜೀತವನ್ನು ತಂದದ್ದು ನಿರ್ಧಾರ. ಏನು ಕೊರತೆ ಎಂದು ಮೊದಲೇ ಪಟ್ಟಿ ಮಾಡಿ, ಆ ಕೊರತೆಗೆ ನೇರವಾಗಿ ಕೈಹಾಕಿದರು. ಮೂರನೆಯ ದಾರಿಯೂ ಇದೆ. ಸೋವಿಯತ್‌ನವರು ಮಿಗ್‌-23 ಫೈಟರನ್ನು ಮಿಗ್‌-27 ಮಾಡಿದಾಗ ಮೂತಿಯ ರಾಡಾರನ್ನು ತೆಗೆದು ಮೂತಿಯನ್ನು ಕೆಳಮುಖವಾಗಿ ಚಪ್ಪಟೆ ಮಾಡಿದರು, ಪೈಲಟ್‌ಗೆ ನೆಲ ಕಾಣಲೆಂದು. ಲೇಸರ್ ಅಳತೆಯ ಉಪಕರಣ ಇಟ್ಟರು. ಕಾಕ್‌ಪಿಟ್ ಪಕ್ಕಗಳಿಗೆ ಉಕ್ಕಿನ ರಕ್ಷಣೆ ಕೊಟ್ಟರು. ಅತಿವೇಗಕ್ಕೆಂದು ಇದ್ದ ಅಲುಗಾಡುವ ಗಾಳಿಬಾಯಿಗಳನ್ನು ಸರಳಗೊಳಿಸಿ ತೂಕ ಇಳಿಸಿದರು. ನಾಸಿಕ್‌ನಲ್ಲಿ ತಯಾರಾದ ಆ ವಿಮಾನವನ್ನು ನಮ್ಮ ವಾಯುಪಡೆ ಬಹಾದೂರ್ ಎಂದು ಕರೆಯಿತು. 2019ರ ಡಿಸೆಂಬರ್ 27ರಂದು ಜೋಧಪುರದಲ್ಲಿ ಅದಕ್ಕೆ ಬೀಳ್ಕೊಡುಗೆ ಆಯಿತು. ಸೇರಿಸಿದ್ದಕ್ಕಿಂತ ತೆಗೆದದ್ದರಲ್ಲೇ ಅದರ ವಿನ್ಯಾಸದ ಜಾಣ್ಮೆ ಇದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮಕ್ಕಳಿಗೆ ಚಿತ್ರ ತೋರಿಸಬಹುದಿತ್ತು, ಮುಟ್ಟಿಸಲು ಆಗುತ್ತಿರಲಿಲ್ಲ. ಮುಟ್ಟುವಷ್ಟು ಹತ್ತಿರ ವಿಮಾನ ಇಟ್ಟುಕೊಂಡಿರುವವರು ನೀವು.

ಇದೆಲ್ಲ ಮುಗಿದುಹೋದ ಕಾಲದ ಮಾತು ಎಂದು ನೀವು ಹೇಳಬಹುದು. ಇದೇ ಊರಿನಲ್ಲಿ ಎಚ್‌ಎಎಲ್ ಹಾಕ್ ತರಬೇತಿ ವಿಮಾನವನ್ನು ಹಾಕ್‌-ಐ ಎಂಬ ದಾಳಿ ವಿಮಾನವಾಗಿ ಬದಲಿಸಿ, 2021ರ ಜನವರಿಯಲ್ಲಿ ಒಡಿಶಾ ಕರಾವಳಿಯ ಬಳಿ ಅದರಿಂದ ರನ್‌ವೇ ಒಡೆಯುವ ದೇಶೀ ಆಯುಧವನ್ನು ಪ್ರಯೋಗಿಸಿತು. ಜಾಗ್ವಾರ್‌ಗಳ ಹೊಟ್ಟೆಯೊಳಗಿನ ಹಳೆಯ ಉಪಕರಣಗಳನ್ನು ತೆಗೆದು ಹೊಸವನ್ನು ಕೂಡಿಸುವ ಕೆಲಸವೂ ಇಲ್ಲಿಯದೇ. ಇದ್ದ ವಿಮಾನವನ್ನು ಬೇರೆ ಕೆಲಸಕ್ಕೆ ಒಗ್ಗಿಸುವುದು ಈ ಊರಿನ ಅನ್ನದ ಕಸುಬು. ಆ ಕಸುಬಿಗೆ ಸೇರಬೇಕೆಂದು ಕನಸು ಕಾಣುವ ಮಕ್ಕಳು ಮೊದಲು ಬರುವುದು ನಿಮ್ಮ ಅಂಗಳಕ್ಕೆ.

ಈಗ ನನ್ನ ಕೋರಿಕೆಗಳು. ಫಲಕವನ್ನು ಹೊಸದಾಗಿ ಬರೆಸಿ, ಕನ್ನಡ ಮೊದಲು ಬರಲಿ, ಓದಲು ಬರುವಷ್ಟು ದಪ್ಪವಾಗಿರಲಿ. ಮಾರುತ ಯಾವ ಕೆಲಸಕ್ಕೆ ಹೊರಟಿತು, ಯಾಕೆ ಅಲ್ಲಿ ತಲುಪಲಿಲ್ಲ, ಯಾವ ಕೆಲಸವನ್ನು ಚೆನ್ನಾಗಿ ಮಾಡಿತು ಎಂಬ ಮೂರೂ ಅದರಲ್ಲಿರಲಿ. ಕುರ್ಟ್ ಟ್ಯಾಂಕ್ ಜೊತೆಗೆ ಸುರಂಜನ್ ದಾಸ್ ಹೆಸರೂ ಇರಲಿ. ಹೊಟ್ಟೆಯ ಕೆಳಗೆ ನೆಲದ ಮೇಲೆ ಒಂದು ದೊಡ್ಡ ಕನ್ನಡಿ ಇಟ್ಟು ದೀಪ ಹಾಕಿದರೆ ಯಾರೂ ಬಗ್ಗಬೇಕಾಗಿಲ್ಲ, ಕಾವಲುಗಾರರೂ ಗದರಬೇಕಾಗಿಲ್ಲ. ರಾಕೆಟ್ ಗೂಡಿನ ಚಿತ್ರವೊಂದನ್ನು ಪಕ್ಕದಲ್ಲಿ ಹಾಕಿದರೆ ಸಾಕು. ಬಣ್ಣದ ಗುತ್ತಿಗೆ ಕೊಡುವ ಮೊದಲು ಹಳೆಯ ಅಚ್ಚಕ್ಷರಗಳ ಫೋಟೊ ತೆಗೆಸಿ, ಬಣ್ಣ ಒಣಗಿದ ಮೇಲೆ ಅವನ್ನು ಅದೇ ಜಾಗದಲ್ಲಿ ಮತ್ತೆ ಬರೆಸಿ. ಗಾಳಿಬಾಯಿಗೆ ಒಂದು ಜಾಲರಿ. ಇದಕ್ಕೆಲ್ಲ ನಿಮ್ಮ ಒಂದು ದಿನದ ಟಿಕೆಟ್ ಹಣಕ್ಕಿಂತ ಬಹಳ ಹೆಚ್ಚೇನೂ ಬೇಕಾಗಲಾರದು ಎಂದುಕೊಂಡಿದ್ದೇನೆ. ಹೆಚ್ಚಾದರೆ ನಿಮ್ಮ ಲೆಕ್ಕಾಧಿಕಾರಿಗಳು ತಿದ್ದಲಿ.

ಒಂದು ಕೆಲಸ ಮಾತ್ರ ತಡ ಮಾಡುವಂತಿಲ್ಲ. ಮಾರುತ, ಅಜೀತಗಳ ಮೇಲೆ ಕೆಲಸ ಮಾಡಿದ ಫಿಟ್ಟರ್‌ಗಳು, ಡ್ರಾಫ್ಟ್ಸ್‌ಮನ್‌ಗಳು, ತಪಾಸಣೆಯವರು ವಿಮಾನಪುರ, ಮುರುಗೇಶಪಾಳ್ಯ, ಮಾರತ್ತಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೆಚ್ಚಿನವರು ಎಂಬತ್ತರ ಆಸುಪಾಸು. ನನಗೆ ತಿಳಿದ ಒಬ್ಬ ಹಿರಿಯರು ತೀರಿಕೊಂಡ ಮೇಲೆ ಅವರು ಕೈಯಾರೆ ಬರೆದಿಟ್ಟಿದ್ದ ಟಿಪ್ಪಣಿ ಪುಸ್ತಕಗಳನ್ನು ಮನೆಯವರು ಹಳೆ ಪೇಪರ್ ಕೊಳ್ಳುವವರಿಗೆ ತೂಕಕ್ಕೆ ಹಾಕಿದರು. ತಪ್ಪು ಅವರದ್ದೂ ಅಲ್ಲ, ಕೇಳಲು ಯಾರೂ ಹೋಗಿರಲಿಲ್ಲ. ನಿಮ್ಮ ಸಂಸ್ಥೆ ಒಂದು ರೆಕಾರ್ಡರ್ ಮತ್ತು ಕನ್ನಡ ಬಲ್ಲ ಇಬ್ಬರು ಹುಡುಗರನ್ನು ಕಳುಹಿಸಿ ಅವರ ಮಾತನ್ನು ದಾಖಲಿಸಲಿ. ಗೋಪ್ಯತೆಯ ಪ್ರಶ್ನೆ ಬಂದರೆ ಯಾವುದನ್ನು ಕೇಳಬಾರದೆಂದು ಮೊದಲೇ ಪಟ್ಟಿ ಕೊಡಿ. ಸೇವೆಯಿಂದ ಹೊರಬಿದ್ದು ಮೂರು ದಶಕ ದಾಟಿದ ವಿಮಾನದ ರೆಕ್ಕೆಗೆ ಅಂಟು ಹೇಗೆ ಎಳೆದರು ಎಂಬುದರಲ್ಲಿ ದೇಶದ ಗುಟ್ಟು ಬಯಲಾಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥ ಹಿರಿಯರಿದ್ದರೆ, ಅವರ ಪೆಟ್ಟಿಗೆಯಲ್ಲಿ ಹಳೆಯ ಫೋಟೊ, ಟಿಪ್ಪಣಿ, ಕಾರ್ಖಾನೆಯ ಗುರುತಿನ ಚೀಟಿ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಿರ್ದೇಶಕರು ಕೇಳುವವರೆಗೆ ಕಾಯಬೇಕಾಗಿಯೂ ಇಲ್ಲ. ಮೊಬೈಲ್‌ನಲ್ಲಿ ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಿಕೊಳ್ಳಿ. ‘ಅಜ್ಜ, ಆ ರೆಕ್ಕೆ ಸೋರಿದಾಗ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ನಿರ್ದೇಶಕರೇ, ಫಲಕದ ಕನ್ನಡ ಪಠ್ಯವನ್ನು ಬರೆದುಕೊಡಲು ನಾನು ಸಿದ್ಧ, ಸಂಭಾವನೆ ಬೇಡ. ನಿಮ್ಮಲ್ಲಿಯ ತಜ್ಞರು ಅದನ್ನು ತಿದ್ದಲಿ, ಹರಿದು ಹೊಸದಾಗಿ ಬರೆಯಲಿ, ನನ್ನ ಹೆಸರು ಎಲ್ಲಿಯೂ ಬೇಕಾಗಿಲ್ಲ. ಕಾಲೇಜಿನವರು ಮುಂದಿನ ಸೆಮಿಸ್ಟರ್‌ನಲ್ಲಿ ಹೊಸ ತಂಡವನ್ನು ಕರೆತರುತ್ತಾರೆ. ಅಷ್ಟರೊಳಗೆ ಹೊಸ ಫಲಕ ಆಗದಿದ್ದರೆ ‘ಸೂಪರ್‌ಸಾನಿಕ್’ ಎಂಬ ಆ ಒಂದು ಸಾಲಿನ ಮೇಲಾದರೂ ತಾತ್ಕಾಲಿಕವಾಗಿ ಚೀಟಿ ಅಂಟಿಸಿ, ಮಾರ್ಗದರ್ಶಿಗಳಿಗೆ ಎರಡು ಪುಟದ ಹೊಸ ಟಿಪ್ಪಣಿ ಕೊಡಿ. ಈ ಪತ್ರಕ್ಕೆ ಉತ್ತರವನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಬೇಕಾಗಿಲ್ಲ, ಟಿಕೆಟ್ ಕೌಂಟರ್ ಪಕ್ಕದ ಸೂಚನಾ ಫಲಕದಲ್ಲಿ ಹಾಕಿದರೆ ಎಲ್ಲರೂ ಓದುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಡಿಪ್ಲೊಮಾ ಕಾಲೇಜೊಂದರ ನಿವೃತ್ತ ಉಪನ್ಯಾಸಕ,
ಬೆಂಗಳೂರು